ಕೆಂಪು ಬೆಳಕಿನ ಚಿಕಿತ್ಸೆ: ಮಾಸ್ಕ್, ಪ್ಯಾನೆಲ್ ಕೊಳ್ಳುವ ಮುನ್ನ ತಿಳಿದಿರಬೇಕಾದ ವಿಷಯಗಳು

ಮೊಬೈಲ್‌ನಲ್ಲಿ ರೀಲ್ಸ್ ನೋಡುವವರಿಗೆ ಕೆಂಪಗೆ ಹೊಳೆಯುವ ಮುಖವಾಡ ಈಗ ಹೊಸದೇನಲ್ಲ. ಸಿನಿಮಾ ನಟಿಯರು ಹಾಕಿಕೊಂಡು ಕೂತ ಫೋಟೊ ಬಂದಿದ್ದೇ ತಡ, ಆನ್‌ಲೈನ್ ಮಾರುಕಟ್ಟೆಯಲ್ಲಿ ಕೆಲವು ನೂರು ರೂಪಾಯಿಯ ಟಾರ್ಚ್‌ನಂಥ ಸಾಧನದಿಂದ ಹಿಡಿದು ಹತ್ತಾರು ಸಾವಿರದ ಪ್ಯಾನೆಲ್‌ವರೆಗೆ ಎಲ್ಲವೂ ಬಂದಿವೆ. ಸಣ್ಣ ಊರುಗಳ ಬ್ಯೂಟಿ ಪಾರ್ಲರ್‌ಗಳಲ್ಲೂ ‘ಎಲ್‌ಇಡಿ ಫೇಶಿಯಲ್’ ಅನ್ನೋ ಬೋರ್ಡು ಕಾಣಿಸುತ್ತಿದೆ. ಮೊಡವೆ, ಸುಕ್ಕು, ಕೂದಲು ಉದುರುವುದು, ಮಂಡಿನೋವು, ಬೊಜ್ಜು, ಕೊನೆಗೆ ಶುಗರ್‌ಗೂ ಇದೇ ಮದ್ದು ಎನ್ನುವ ಜಾಹೀರಾತುಗಳಿವೆ.

ಇದರಲ್ಲಿ ಸ್ವಲ್ಪ ನಿಜ ಇದೆ, ಬಹಳಷ್ಟು ಉಬ್ಬಿಸಿದ ಮಾತಿದೆ. ಯಾವುದು ಯಾವುದು ಅಂತ ಗೊತ್ತಿಲ್ಲದೆ ದುಡ್ಡು ಕಳೆದುಕೊಂಡರೆ ಅದು ಹೋಗಲಿ ಅನ್ನಬಹುದು. ಕಣ್ಣಿಗೆ ಪೆಟ್ಟಾದರೆ, ಶುಗರ್ ಇರುವವರ ಕಾಲು ಸುಟ್ಟರೆ ಹಾಗನ್ನಲು ಆಗದು.

ಎಲ್ಲ ಕೆಂಪು ಲೈಟೂ ಒಂದೇ ಅಲ್ಲ

ಮೊದಲು ಬಗೆಹರಿಯಬೇಕಾದ ಗೊಂದಲ ಇದು. ಚಿಕಿತ್ಸೆಗೆ ಬಳಸುವ ಕೆಂಪು ಬೆಳಕು ಎಂದರೆ ಸಾಮಾನ್ಯವಾಗಿ 630ರಿಂದ 660 ನ್ಯಾನೋಮೀಟರ್ ತರಂಗಾಂತರದ ಬೆಳಕು. ಅದರ ಜೊತೆಗೆ ಅನೇಕ ಸಾಧನಗಳಲ್ಲಿ 810ರಿಂದ 850 ನ್ಯಾನೋಮೀಟರ್‌ನ ‘ನಿಯರ್ ಇನ್‌ಫ್ರಾರೆಡ್’ ಕಿರಣವೂ ಇರುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ, ಕಂಡರೂ ತೀರಾ ಮಂಕಾಗಿ. ಪ್ಯಾನೆಲ್ ಕೊಂಡವರು ‘ಅರ್ಧ ಬಲ್ಬು ಉರೀತಾನೇ ಇಲ್ಲ’ ಅಂತ ಅಂಗಡಿಗೆ ವಾಪಸ್ ತರುವುದಕ್ಕೆ ಮುಖ್ಯ ಕಾರಣ ಇದೇ. ಟಿವಿ ರಿಮೋಟ್‌ನ ಮುಂದಿನ ಬಲ್ಬನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ನೇರಳೆ ಬಣ್ಣದಲ್ಲಿ ಮಿಣುಕುತ್ತದಲ್ಲ, ಅದೇ ರೀತಿ ಈ ಬಲ್ಬುಗಳನ್ನೂ ಕ್ಯಾಮೆರಾದಲ್ಲಿ ನೋಡಿ ಪರೀಕ್ಷಿಸಬಹುದು. ಕೆಲವು ಫೋನ್‌ಗಳ ಹಿಂದಿನ ಕ್ಯಾಮೆರಾ ಈ ಕಿರಣವನ್ನು ತಡೆದುಬಿಡುತ್ತದೆ, ಆಗ ಸೆಲ್ಫಿ ಕ್ಯಾಮೆರಾದಲ್ಲಿ ನೋಡಬೇಕು.

ಇನ್ನು ಫಿಸಿಯೋಥೆರಪಿ ಕ್ಲಿನಿಕ್‌ಗಳಲ್ಲಿ ಸೊಂಟ, ಭುಜಕ್ಕೆ ಕಾಯಿಸುವ ದೊಡ್ಡ ಕೆಂಪು ಬಲ್ಬು ಇದೆಯಲ್ಲ, ಅದು ಬೇರೆ. ಅದರ ಕೆಲಸ ಶಾಖ ಕೊಡುವುದು. ಸುಮಾರು ಒಂದೂವರೆ, ಎರಡು ಅಡಿ ದೂರದಲ್ಲಿಟ್ಟು ಕಾಯಿಸುತ್ತಾರೆ. ಕೋಳಿ ಫಾರಂನಲ್ಲಿ ಮರಿಗಳಿಗೆ ಕಾವು ಕೊಡಲು ತೂಗುಹಾಕುವ 250 ವ್ಯಾಟ್‌ನ ಕೆಂಪು ಬಲ್ಬೂ ಇದೇ ಜಾತಿಯದು. ರೀಲ್ಸ್ ನೋಡಿ ಕೋಳಿ ಬಲ್ಬಿನ ಮುಂದೆ ಮುಖ ಹಿಡಿದರೆ ಚರ್ಮಕ್ಕೆ ಸಿಗುವುದು ಚಿಕಿತ್ಸೆಯಲ್ಲ, ಬರೀ ಬಿಸಿ. ವರ್ಷಗಟ್ಟಲೆ ಒಲೆ ಮುಂದೆ ಕೂತವರ ಕಾಲಿನ ಮೇಲೆ ಬಲೆಯಂತೆ ಕಂದು ಗೆರೆ ಬೀಳುವುದನ್ನು ಹಳ್ಳಿಗಳಲ್ಲಿ ನೋಡಿರುತ್ತೀರಿ. ಪದೇ ಪದೇ ಕಾವು ತಗುಲಿದರೆ ಯಾವ ಚರ್ಮದಲ್ಲಾದರೂ ಅದೇ ಗುರುತು ಬರುತ್ತದೆ. ದೇವರ ಮನೆಯ ಝೀರೋ ವ್ಯಾಟ್ ಕೆಂಪು ಬಲ್ಬಿನ ಬಗ್ಗೆ ಹೇಳುವುದೇ ಬೇಡ. ಅದರಿಂದ ಚರ್ಮಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಆಸ್ಪತ್ರೆಯ ಬೇರೆ ಎರಡು ‘ಲೈಟ್ ಟ್ರೀಟ್‌ಮೆಂಟ್’ಗಳನ್ನೂ ಇದರೊಂದಿಗೆ ಬೆರೆಸಬಾರದು. ಹುಟ್ಟಿದ ಕೂಸಿಗೆ ಕಾಮಾಲೆ ಕಂಡಾಗ ಇಡುವುದು ನೀಲಿ ಬೆಳಕಿನ ಕೆಳಗೆ. ತೊನ್ನು, ಸೋರಿಯಾಸಿಸ್‌ಗೆ ಚರ್ಮವೈದ್ಯರು ಕೊಡುವುದು ಅಳತೆ ಮಾಡಿದ ಅತಿನೇರಳೆ ಕಿರಣ. ಈ ಎರಡಕ್ಕೂ ಮನೆಯ ಕೆಂಪು ಮಾಸ್ಕ್ ಬದಲಿಯಲ್ಲ. ಮುಖ್ಯವಾಗಿ, ಹಳದಿಯಾದ ಮಗುವಿಗೆ ಮನೆಯಲ್ಲೇ ‘ಲೈಟ್ ಹಿಡಿಯುತ್ತೇವೆ’ ಅಂತ ಒಂದು ದಿನವೂ ಕಾಯಬಾರದು. ಕಾಮಾಲೆ ಮಿತಿ ಮೀರಿದರೆ ಮಿದುಳಿಗೇ ತೊಂದರೆ.

ಇಲಿಯ ಬೆನ್ನಿನಿಂದ ಶುರುವಾದ ಕಥೆ

1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರ್ ತಯಾರಿಸಿದರು. ಕೆಲವೇ ವರ್ಷಗಳಲ್ಲಿ, 1967ರ ಹೊತ್ತಿಗೆ, ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಬುಡಾಪೆಸ್ಟ್‌ನಲ್ಲಿ ರೋಮ ಬೋಳಿಸಿದ ಇಲಿಗಳ ಬೆನ್ನಿನ ಮೇಲೆ ಮಂದ ಲೇಸರ್ ಬೆಳಕು ಬಿಟ್ಟು, ಕ್ಯಾನ್ಸರ್ ಬರುತ್ತದೆಯೇ ಎಂದು ನೋಡುತ್ತಿದ್ದರು. ಕ್ಯಾನ್ಸರ್ ಬರಲಿಲ್ಲ. ಬದಲಿಗೆ ಬೆಳಕು ಬಿದ್ದ ಇಲಿಗಳಿಗೆ ರೋಮ ಬೇಗ ಬೆಳೆಯಿತು. 1990ರ ದಶಕದಲ್ಲಿ ಬಾಹ್ಯಾಕಾಶದಲ್ಲಿ ಗಿಡ ಬೆಳೆಸಲು ನಾಸಾ ಕೆಂಪು ಎಲ್‌ಇಡಿಗಳನ್ನು ಬಳಸಿದ ಮೇಲೆ, ಲೇಸರ್ ಬದಲು ಅಗ್ಗದ ಎಲ್‌ಇಡಿಯಿಂದಲೂ ಈ ಕೆಲಸ ಆಗಬಹುದೇ ಎಂಬ ಪ್ರಯೋಗಗಳು ಹೆಚ್ಚಿದವು. ಮಾರಾಟಗಾರರು ‘ನಾಸಾ ಟೆಕ್ನಾಲಜಿ’ ಅನ್ನುವುದು ಇದನ್ನೇ ಹಿಡಿದುಕೊಂಡು. ನಾಸಾ ಯಾರ ಮಾಸ್ಕಿಗೂ ಸರ್ಟಿಫಿಕೇಟ್ ಕೊಟ್ಟಿಲ್ಲ.

ಬೆಳಕು ಒಳಗೆ ಏನು ಮಾಡುತ್ತದೆ ಎಂಬುದಕ್ಕೆ ವಿಜ್ಞಾನಿಗಳು ಹೆಚ್ಚಾಗಿ ಕೊಡುವ ವಿವರಣೆ ಹೀಗಿದೆ. ಜೀವಕೋಶಕ್ಕೆ ಶಕ್ತಿ ತಯಾರಿಸಿ ಕೊಡುವ ಮೈಟೊಕಾಂಡ್ರಿಯಾದಲ್ಲಿ ‘ಸೈಟೊಕ್ರೋಮ್ ಸಿ ಆಕ್ಸಿಡೇಸ್’ ಎಂಬ ಕಿಣ್ವವಿದೆ. ಅದು ಕೆಂಪು ಮತ್ತು ನಿಯರ್ ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ. ಇದರಿಂದ ಕೋಶದ ಕೆಲಸ ಚುರುಕಾಗಿ, ಉರಿಯೂತ ತಗ್ಗುತ್ತದೆ ಎನ್ನುತ್ತಾರೆ. ಕೆಂಪು ಬೆಳಕು ಚರ್ಮದೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಇನ್‌ಫ್ರಾರೆಡ್ ಅದಕ್ಕಿಂತ ಸ್ವಲ್ಪ ಆಳ. ಹಾಗಾಗಿ ಲಿವರ್, ಕಿಡ್ನಿ, ಮೇದೋಜೀರಕಕ್ಕೆ ಹೊರಗಿನಿಂದ ಲೈಟ್ ಹಿಡಿದು ವಾಸಿ ಮಾಡುತ್ತೇವೆ ಎನ್ನುವವರನ್ನು ನಂಬಲು ಕಾರಣವೇ ಇಲ್ಲ.

ಯಾವುದಕ್ಕೆ ಕೆಲಸ ಮಾಡುತ್ತೆ, ಯಾವುದಕ್ಕೆ ಇಲ್ಲ

ಗಟ್ಟಿ ಪುರಾವೆ ಇರುವುದು ಜಾಹೀರಾತಿನಲ್ಲಿ ಕಾಣದ ಒಂದು ವಿಷಯಕ್ಕೆ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಶನ್ ತೆಗೆದುಕೊಳ್ಳುವವರಿಗೆ ಬಾಯೊಳಗೆ ತೀವ್ರ ಹುಣ್ಣಾಗಿ ಅನ್ನ ನುಂಗಲೂ ಆಗದ ಸ್ಥಿತಿ ಬರುತ್ತದೆ. ಅಳತೆ ಮಾಡಿ ಕೊಟ್ಟ ಮಂದ ಲೇಸರ್ ಇದನ್ನು ತಡೆಯಲು ನೆರವಾಗುತ್ತದೆ ಎಂದು ಕ್ಯಾನ್ಸರ್ ಆರೈಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಶಿಫಾರಸು ಮಾಡಿದೆ. ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಕಾಣುವ ನಮ್ಮ ಕಡೆ ಇದು ಗೊತ್ತಿರಬೇಕಾದ ಮಾತು. ಆದರೆ ಇದನ್ನು ಮಾಡಬೇಕಾದವರು ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಯವರು. ಮನೆಯ ಟಾರ್ಚನ್ನು ಬಾಯಿಗೆ ಹಿಡಿಯುವುದಲ್ಲ. ರೇಡಿಯೇಶನ್ ಶುರುವಾಗುವ ಮೊದಲೇ ‘ಈ ಸೌಲಭ್ಯ ಇಲ್ಲಿದೆಯೇ’ ಎಂದು ವೈದ್ಯರನ್ನು ಕೇಳಬಹುದು.

ಕೂದಲಿನ ವಿಷಯದಲ್ಲೂ ಸಾಕಷ್ಟು ಪುರಾವೆ ಇದೆ. ವಂಶಪಾರಂಪರ್ಯವಾಗಿ ಕೂದಲು ತೆಳ್ಳಗಾಗುವವರಿಗೆ ಬಳಸುವ ‘ಹೇರ್‌ಮ್ಯಾಕ್ಸ್’ ಎಂಬ ಲೇಸರ್ ಬಾಚಣಿಗೆಗೆ ಅಮೆರಿಕದ ಎಫ್‌ಡಿಎ 2007ರಲ್ಲಿ ಗಂಡಸರಿಗೆ, 2011ರಲ್ಲಿ ಹೆಂಗಸರಿಗೆ ಮಾರಾಟದ ಅವಕಾಶ ಕೊಟ್ಟಿತು. ಅದರ ಪರೀಕ್ಷೆಗಳಲ್ಲಿ ವಾರಕ್ಕೆ ಮೂರು ದಿನದಂತೆ 26 ವಾರ ಬಳಸಿದ ಮೇಲೆ ಕೂದಲಿನ ದಟ್ಟಣೆ ಹೆಚ್ಚಿದ್ದು ಕಂಡುಬಂತು. ಇಲ್ಲಿ ಎರಡು ಮಾತು ಮರೆಯಬಾರದು. ಪೂರ್ತಿ ಬೋಳಾಗಿ ನುಣ್ಣಗಾದ ಜಾಗದಲ್ಲಿ ಬೆಳಕಿನಿಂದ ಕೂದಲು ಬರುವುದಿಲ್ಲ, ಬೇರು ಜೀವಂತ ಇರಬೇಕು. ಮತ್ತೆ, ಬಳಸುವುದು ನಿಲ್ಲಿಸಿದರೆ ಲಾಭವೂ ನಿಧಾನಕ್ಕೆ ಇಳಿಯುತ್ತದೆ. ಹೆಂಗಸರಿಗೆ ರಾಶಿ ರಾಶಿ ಕೂದಲು ಉದುರುತ್ತಿದ್ದರೆ ಮೊದಲು ಮಾಡಿಸಬೇಕಾದದ್ದು ರಕ್ತ ಪರೀಕ್ಷೆ. ರಕ್ತಹೀನತೆ, ಥೈರಾಯ್ಡ್, ಹೆರಿಗೆ ಅಥವಾ ಜ್ವರದ ನಂತರದ ಉದುರುವಿಕೆ, ಇವುಗಳಲ್ಲಿ ಯಾವುದಕ್ಕೂ ಲೇಸರ್ ಟೋಪಿ ಪರಿಹಾರವಲ್ಲ.

ಮುಖದ ಸಣ್ಣ ಸುಕ್ಕು, ಚರ್ಮದ ನಯದಲ್ಲಿ ಸಾಧಾರಣ ಸುಧಾರಣೆ ಆಗುವುದನ್ನು ಅಧ್ಯಯನಗಳು ತೋರಿಸಿವೆ. ಸಾಧಾರಣ ಎಂದರೆ ಸಾಧಾರಣವೇ. ಹತ್ತು ವರ್ಷ ಚಿಕ್ಕವರಾಗಿ ಕಾಣುವುದೆಲ್ಲ ಫಿಲ್ಟರ್ ಹಾಕಿದ ಫೋಟೊದಲ್ಲಿ ಮಾತ್ರ. ಸಣ್ಣಪುಟ್ಟ ಮೊಡವೆಗೆ ನೀಲಿ ಮತ್ತು ಕೆಂಪು ಬೆಳಕು ಸೇರಿದರೆ ಸ್ವಲ್ಪ ಅನುಕೂಲ. ಗಂಟು ಗಂಟಾಗಿ ಕೀವು ತುಂಬಿ ಕಲೆ ಉಳಿಸುವ ಮೊಡವೆಗೆ ಚರ್ಮವೈದ್ಯರ ಔಷಧವೇ ಬೇಕು, ತಡಮಾಡಿದಷ್ಟೂ ಗುಂಡಿ ಹೆಚ್ಚು.

ಕುತ್ತಿಗೆ ನೋವಿಗೆ ಮಂದ ಲೇಸರ್ ಉಪಯೋಗವಾಗುತ್ತದೆಂದು 2009ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪರಿಶೀಲನೆ ಹೇಳಿತು. ಅದು ಕ್ಲಿನಿಕ್‌ನಲ್ಲಿ ಕೊಟ್ಟ ಲೇಸರ್‌ನ ಮಾತು, ಮನೆಯ ಬೆಲ್ಟಿನದಲ್ಲ. ಮಂಡಿ ಸವೆತದ ವಿಷಯದಲ್ಲಿ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ತೂಕ ಇಳಿಸುವುದು, ಥೈರಾಯ್ಡ್ ಸರಿಮಾಡುವುದು, ಶುಗರ್ ಇಳಿಸುವುದು, ಇವಕ್ಕೆಲ್ಲ ಸಾಧನ ಕೊಳ್ಳುವಷ್ಟು ಪುರಾವೆ ಇಲ್ಲ. ಶುಗರ್ ಮಾತ್ರೆ ಬಿಟ್ಟು ಲೈಟಿನ ಮುಂದೆ ಕೂರುವುದಂತೂ ಬೇಡವೇ ಬೇಡ.

ಒಟ್ಟಿನಲ್ಲಿ ಈ ಬೆಳಕು ಊಟವಲ್ಲ, ಪಕ್ಕದ ಉಪ್ಪಿನಕಾಯಿ. ಮೊಡವೆಗೆ ಮುಲಾಮು, ಮಂಡಿಗೆ ವ್ಯಾಯಾಮ, ಕೂದಲಿಗೆ ವೈದ್ಯರು ಬರೆದುಕೊಟ್ಟ ಔಷಧ, ಇವನ್ನು ಮಾಡುತ್ತಾ ಜೊತೆಗೆ ಬೇಕಾದರೆ ಇದನ್ನು ಇಟ್ಟುಕೊಳ್ಳಬಹುದು.

ಜಾಸ್ತಿ ಹಿಡಿದರೆ ಜಾಸ್ತಿ ಲಾಭವಿಲ್ಲ

ಗೊಬ್ಬರ ಹೆಚ್ಚಾದರೆ ಬೆಳೆ ಸುಡುತ್ತದೆ ಎಂದು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಬೆಳಕಿಗೂ ಅದೇ ಸ್ವಭಾವ. ಕಡಿಮೆಯಾದರೆ ಪರಿಣಾಮ ಇಲ್ಲ, ಹದದಲ್ಲಿ ಇದ್ದರೆ ಲಾಭ, ಮಿತಿ ದಾಟಿದರೆ ಆದ ಲಾಭವೂ ಇಳಿಯುತ್ತದೆ. ಹದ ಗೊತ್ತಾಗಬೇಕಾದರೆ ಒಂದು ಸಣ್ಣ ಲೆಕ್ಕ ಬೇಕು.

ಸಾಧನದ ಕೈಪಿಡಿಯಲ್ಲಿ ಚದರ ಸೆಂಟಿಮೀಟರ್‌ಗೆ ಎಷ್ಟು ಮಿಲಿವ್ಯಾಟ್ ಎಂಬ ಸಂಖ್ಯೆ ಇರುತ್ತದೆ. ಅದನ್ನು ಸೆಕೆಂಡುಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಚದರ ಸೆಂಟಿಮೀಟರ್‌ಗೆ ಎಷ್ಟು ಜೂಲ್ ಬೆಳಕು ಬಿತ್ತು ಎಂದು ಸಿಗುತ್ತದೆ. ಉದಾಹರಣೆಗೆ 30 ಮಿಲಿವ್ಯಾಟ್‌ನ ಮಾಸ್ಕನ್ನು 10 ನಿಮಿಷ, ಅಂದರೆ 600 ಸೆಕೆಂಡ್ ಹಾಕಿಕೊಂಡರೆ 18 ಜೂಲ್. 100 ಮಿಲಿವ್ಯಾಟ್‌ನ ಪ್ಯಾನೆಲ್ ಮುಂದೆ ಅದೇ 10 ನಿಮಿಷ ಕೂತರೆ 60 ಜೂಲ್. ಸಮಯ ಒಂದೇ, ಡೋಸು ಮೂರು ಪಟ್ಟಿಗೂ ಜಾಸ್ತಿ. ಹಾಗಾಗಿ ಪಕ್ಕದ ಮನೆಯವರು ಎಷ್ಟು ನಿಮಿಷ ಹಿಡಿಯುತ್ತಾರೆ ಎಂಬುದನ್ನು ಕೇಳಿ ಪ್ರಯೋಜನವಿಲ್ಲ, ನಿಮ್ಮ ಸಾಧನದ ಲೆಕ್ಕ ನಿಮಗೆ. ಪ್ಯಾನೆಲ್‌ನಿಂದ ದೂರ ಸರಿದಂತೆ ಬೆಳಕಿನ ಬಲ ಕುಗ್ಗುತ್ತದೆ, ಹಾಗಾಗಿ ಆ ಮಿಲಿವ್ಯಾಟ್ ಸಂಖ್ಯೆ ಎಷ್ಟು ದೂರದಲ್ಲಿ ಅಳೆದದ್ದು ಎಂಬುದೂ ಕೈಪಿಡಿಯಲ್ಲಿ ಇರಬೇಕು.

ತರಂಗಾಂತರ ಎಷ್ಟು, ಮಿಲಿವ್ಯಾಟ್ ಎಷ್ಟು, ಯಾವ ದೂರದಲ್ಲಿ, ಎಷ್ಟು ನಿಮಿಷ. ಈ ನಾಲ್ಕೂ ಬರೆದಿರದ ಸಾಧನ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳುವುದು ಬೇಡ. ‘ಏಳು ಬಣ್ಣ, ಏಳು ಲಾಭ’ ಎಂಬ ಮಾಸ್ಕ್‌ಗಳ ಮೇಲೆ ಹೆಚ್ಚಾಗಿ ಈ ನಾಲ್ಕರಲ್ಲಿ ಒಂದೂ ಇರುವುದಿಲ್ಲ.

ನಮ್ಮ ಮೈಬಣ್ಣದವರು ಇನ್ನೂ ಒಂದು ವಿಷಯ ಗಮನಿಸಬೇಕು. ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಸುರಕ್ಷತಾ ಪರೀಕ್ಷೆಯಲ್ಲಿ ಬಿಳಿ ಚರ್ಮದವರು ಚದರ ಸೆಂಟಿಮೀಟರ್‌ಗೆ 480 ಜೂಲ್‌ವರೆಗೆ ಕೆಂಪು ಬೆಳಕು ತಡೆದುಕೊಂಡರೆ, ಏಷ್ಯಾ ಮೂಲದವರೂ ಸೇರಿ ಬಣ್ಣದ ಚರ್ಮದವರಿಗೆ 320 ಜೂಲೇ ಮಿತಿಯಾಯಿತು. ಮನೆಯ ಮಾಸ್ಕ್‌ಗಳ 18, 20 ಜೂಲ್ ಇದಕ್ಕಿಂತ ಬಹಳ ಕಡಿಮೆ, ಹೆದರಬೇಕಿಲ್ಲ. ಆದರೆ ವಿದೇಶಿ ಯೂಟ್ಯೂಬ್ ಚಾನೆಲ್ ನೋಡಿ ಗಂಟೆಗಟ್ಟಲೆ ಕೂರುವವರು ಈ ವ್ಯತ್ಯಾಸ ನೆನಪಿಟ್ಟುಕೊಳ್ಳಲಿ. ಕೆನ್ನೆಯ ಮೇಲೆ ಬಂಗು ಇರುವವರಿಗೆ ಶಾಖ ತಗುಲಿದರೆ, ಕಣ್ಣಿಗೆ ಕಾಣುವ ತೀಕ್ಷ್ಣ ಬೆಳಕು, ಅದರಲ್ಲೂ ನೀಲಿ ಬೆಳಕು ಬಿದ್ದರೆ ಕಪ್ಪು ಇನ್ನಷ್ಟು ಗಾಢವಾಗಬಹುದು. ಬಂಗು ಹೋಗಿಸಲು ಅಂತ ಮಾಸ್ಕ್ ಕೊಂಡು ಬಂಗು ಹೆಚ್ಚಿಸಿಕೊಳ್ಳುವುದು ಯಾರಿಗೆ ಬೇಕು? ಅವರು ಮೊದಲು ಚರ್ಮವೈದ್ಯರನ್ನು ಕಾಣುವುದೇ ಒಳ್ಳೆಯದು.

ಕಣ್ಣಿನ ವಿಷಯದಲ್ಲಿ ರಾಜಿ ಬೇಡ

ಕಣ್ಣು ಮುಚ್ಚಿಕೊಂಡರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಬಿಸಿಲಿಗೆ ಮುಖ ಮಾಡಿ ಕಣ್ಣು ಮುಚ್ಚಿ ನೋಡಿ, ಎಲ್ಲ ಕೆಂಪಗೆ ಕಾಣುತ್ತದೆ. ರೆಪ್ಪೆ ದಾಟಿ ಒಳಗೆ ಹೆಚ್ಚಾಗಿ ಹೋಗುವುದೇ ಕೆಂಪು ಬೆಳಕು. ಇನ್‌ಫ್ರಾರೆಡ್ ಕಿರಣದ ತೊಂದರೆ ಇನ್ನೂ ಒಂದು ಬಗೆಯದು. ಅದು ಕಾಣಿಸುವುದಿಲ್ಲವಾದ್ದರಿಂದ ಕಣ್ಣಿನ ಪಾಪೆ ಕಿರಿದಾಗುವುದಿಲ್ಲ, ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ದೇಹದ ಕಾವಲುಗಾರನಿಗೇ ಕಳ್ಳ ಕಾಣದಂತೆ. ಆದ್ದರಿಂದ ಪ್ಯಾನೆಲ್ ಬಳಸುವವರು ಅದರ ಜೊತೆಗೆ ಬರುವ ಕಪ್ಪು ಕನ್ನಡಕ ಹಾಕಲೇಬೇಕು. ಸಾಮಾನ್ಯ ಕೂಲಿಂಗ್ ಗ್ಲಾಸ್ ಇದಕ್ಕೆ ಸಾಲದು. ಮಾಸ್ಕ್ ಆದರೆ ಕಣ್ಣಿನ ಸುತ್ತ ಬೆಳಕು ತಡೆಯುವ ಸಿಲಿಕೋನ್ ಅಂಚು ಇರಬೇಕು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2019ರಲ್ಲಿ ‘ನ್ಯೂಟ್ರೊಜೀನಾ’ ಕಂಪನಿ ನೀಲಿ ಮತ್ತು ಕೆಂಪು ಬೆಳಕಿನ ತನ್ನ ಮೊಡವೆ ಮಾಸ್ಕನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಕೆಲವು ಬಗೆಯ ಕಣ್ಣಿನ ಕಾಯಿಲೆ ಇರುವವರಿಗೆ, ಬೆಳಕಿಗೆ ಕಣ್ಣು ಸೂಕ್ಷ್ಮವಾಗುವಂತೆ ಮಾಡುವ ಔಷಧ ತೆಗೆದುಕೊಳ್ಳುವವರಿಗೆ ತೊಂದರೆಯಾಗಬಹುದು ಎಂಬುದು ಅದಕ್ಕೆ ಕಾರಣ.

ಮಕ್ಕಳ ವಿಷಯ ಇನ್ನೂ ಗಂಭೀರ. ಚೀನಾದಲ್ಲಿ ಮಕ್ಕಳ ಸಮೀಪದೃಷ್ಟಿ, ಅಂದರೆ ಮೈನಸ್ ನಂಬರ್ ಏರದಂತೆ ತಡೆಯಲು 650 ನ್ಯಾನೋಮೀಟರ್ ಕೆಂಪು ಬೆಳಕನ್ನು ದಿನಕ್ಕೆ ಎರಡು ಬಾರಿ ಮೂರು ಮೂರು ನಿಮಿಷ ನೇರವಾಗಿ ನೋಡಿಸುವ ಯಂತ್ರಗಳು ಬಂದವು. ನಂಬರ್ ಏರುವುದು ನಿಧಾನವಾಯಿತು ಎಂದು ಪರೀಕ್ಷೆಗಳು ಹೇಳಿದ್ದೂ ನಿಜ. ಆದರೆ 2023ರಲ್ಲಿ 12 ವರ್ಷದ ಒಬ್ಬ ಹುಡುಗಿಯ ಎರಡೂ ಕಣ್ಣಿನ ರೆಟಿನಾಕ್ಕೆ ಪೆಟ್ಟಾದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಆಮೇಲೆ ಚೀನಾ ಸರ್ಕಾರವೇ 2024ರ ಜುಲೈನಿಂದ ಈ ಯಂತ್ರಗಳನ್ನು ಅತಿ ಕಟ್ಟುನಿಟ್ಟಿನ ಮೂರನೇ ದರ್ಜೆಗೆ ಸೇರಿಸಿತು. ಇದರ ಸುದ್ದಿ ಅರ್ಧಂಬರ್ಧ ಕೇಳಿ ಯಾರಾದರೂ ‘ಮಗುವಿನ ಕನ್ನಡಕ ಬಿಡಿಸುವ ಲೈಟ್’ ಅಂತ ಮಾರಲು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ಮನೆಯಲ್ಲಿ ಪ್ಯಾನೆಲ್ ಇದ್ದರೆ ಮಕ್ಕಳ ಕೈಗೆ ಸಿಗದಂತೆ ಇಡಿ. ಹೊಳೆಯುವುದನ್ನು ಕಂಡರೆ ಮಕ್ಕಳು ಹತ್ತಿರ ಹೋಗಿ ದಿಟ್ಟಿಸಿಯೇ ನೋಡುತ್ತಾರೆ.

ಬಳಸುವಾಗ ಕಣ್ಣು ಮಂಜಾದರೆ, ನಡುವೆ ಕಪ್ಪು ಚುಕ್ಕೆ ಕಂಡರೆ, ಬೆಳಕು ಆರಿಸಿದ ಮೇಲೂ ಅದರ ಛಾಯೆ ನಿಮಿಷಗಟ್ಟಲೆ ಉಳಿದರೆ ಅಲ್ಲಿಗೇ ನಿಲ್ಲಿಸಿ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು.

ಶುಗರ್ ಇರುವವರು ಮತ್ತು ಇನ್ನು ಕೆಲವರು

ಸಕ್ಕರೆ ಕಾಯಿಲೆ ಹಲವು ವರ್ಷ ಇದ್ದವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಚಪ್ಪಲಿ ಕಳಚಿ ಬಿದ್ದದ್ದೇ ಗೊತ್ತಾಗದವರಿದ್ದಾರೆ. ಅಂಥವರು ‘ಪಾದದ ಜೋಮು ಹೋಗುತ್ತೆ’ ಎಂದು ಕೆಂಪು ಲೈಟಿನ ಬೂಟು, ಬೆಲ್ಟು ಕಟ್ಟಿಕೊಂಡು ಟಿವಿ ಮುಂದೆ ನಿದ್ದೆ ಹೋದರೆ ಚರ್ಮ ಬಿಸಿಯಾದದ್ದು ತಿಳಿಯುವುದೇ ಇಲ್ಲ. ಎಲ್‌ಇಡಿ ಹೆಚ್ಚು ಬಿಸಿಯಾಗದು ನಿಜ. ಆದರೆ ಅಗ್ಗದ ಸಾಧನದಲ್ಲಿ ಎಲ್‌ಇಡಿಯ ಜೊತೆಗೆ ಹೀಟಿಂಗ್ ಕಾಯಿಲ್ ಕೂಡ ಇಟ್ಟಿರುತ್ತಾರೆ. ಒಂದು ಸಣ್ಣ ಬೊಬ್ಬೆ ಸಾಕು, ಅದು ಹುಣ್ಣಾಗಿ, ಹುಣ್ಣು ಮಾಯದೆ ಬೆರಳು ತೆಗೆಯುವ ಮಟ್ಟಕ್ಕೆ ಹೋಗಬಹುದು. ಪಾದದಲ್ಲಿ ಆಗಲೇ ಗಾಯ ಇದ್ದರೆ ಅದಕ್ಕೆ ಮನೆಯಲ್ಲಿ ಲೈಟ್ ಹಿಡಿದು ದಿನ ತಳ್ಳಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ಡ್ರೆಸ್ಸಿಂಗ್ ಮಾಡಿಸಬೇಕು, ಶುಗರ್ ಹತೋಟಿಗೆ ತರಬೇಕು. ಶುಗರ್‌ನಿಂದ ಕಣ್ಣಿನ ರೆಟಿನಾ ಹಾಳಾಗಿರುವವರು ಮುಖದ ಮಾಸ್ಕ್ ಬಳಸುವ ಮೊದಲು ಕಣ್ಣಿನ ವೈದ್ಯರನ್ನು ಕೇಳಬೇಕು.

ಔಷಧಗಳ ವಿಷಯವೂ ಇದೆ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಐಸೊಟ್ರೆಟಿನೊಯಿನ್, ಹೃದಯ ಬಡಿತಕ್ಕೆ ಕೊಡುವ ಅಮಿಯೊಡರೋನ್, ತೊನ್ನಿಗೆ ಕೊಡುವ ಸೊರಾಲೆನ್, ಇವು ಚರ್ಮವನ್ನೋ ಕಣ್ಣನ್ನೋ ಬೆಳಕಿಗೆ ಸೂಕ್ಷ್ಮ ಮಾಡಬಲ್ಲವು. ತೊನ್ನಿಗೆ ನಾಟಿ ಮದ್ದಾಗಿ ಹಚ್ಚುವ ಬಾವಂಚಿ ಬೀಜದಲ್ಲೂ ಸೊರಾಲೆನ್ ಅಂಶವೇ ಇದೆ. ಇವುಗಳಲ್ಲಿ ಯಾವುದನ್ನಾದರೂ ಬಳಸುತ್ತಿದ್ದರೆ ಕೇಳದೆ ಬೆಳಕಿನ ಮುಂದೆ ಕೂರಬೇಡಿ. ಲೂಪಸ್ ಇರುವವರು, ಬೆಳಕಿನ ಮಿಣುಕಿಗೆ ಫಿಟ್ಸ್ ಬರುವವರು ದೂರ ಇರಬೇಕು. ಕ್ಯಾನ್ಸರ್ ಗಡ್ಡೆ ಅಥವಾ ಬಣ್ಣ, ಆಕಾರ ಬದಲಾಗುತ್ತಿರುವ ಮಚ್ಚೆಯ ಮೇಲೆ ಬೆಳಕು ಹಿಡಿಯಬಾರದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸದಿರುವುದೇ ಲೇಸು.

ನಮ್ಮ ಊರುಗಳಲ್ಲಿ ಇನ್ನೊಂದು ಸಮಸ್ಯೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಳ್ಳುವ ಸ್ಟೀರಾಯ್ಡ್ ಕ್ರೀಮು. ಮುಖ ಬೆಳ್ಳಗಾಗಲಿ ಎಂದು ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳುವಾಗಿ, ಕೆಂಪಾಗಿ, ಉರಿ ಬಂದವರು ಆ ಕೆಂಪು ಇಳಿಸಲು ಮಾಸ್ಕ್ ಹುಡುಕುತ್ತಾರೆ. ಅದು ಬೆಳಕಿನಿಂದ ಸರಿಹೋಗುವ ತೊಂದರೆಯಲ್ಲ. ಕ್ರೀಮು ಬಿಡಿಸುವುದೂ ಚರ್ಮವೈದ್ಯರ ಸಲಹೆಯಂತೆಯೇ ಆಗಬೇಕು.

ಬಳಸುವ ಕ್ರಮ

ಮುಖ ತೊಳೆದು, ಒರೆಸಿ, ಒಣಗಿದ ಮೇಲೆ ಹಾಕಿಕೊಳ್ಳಿ. ಮೇಕಪ್, ಸನ್‌ಸ್ಕ್ರೀನ್, ಅರಿಶಿನ, ಎಣ್ಣೆ ಯಾವುದೂ ಮುಖದ ಮೇಲೆ ಇರಬಾರದು. ರೆಟಿನಾಲ್, ಆಸಿಡ್ ಇರುವ ಕ್ರೀಮುಗಳನ್ನು ಬೆಳಕಿಗೆ ಮುಂಚೆ ಹಚ್ಚಬೇಡಿ. ಮೊದಲ ಸಲ ಮುಖಕ್ಕೆ ಹಿಡಿಯುವ ಮುನ್ನ ಮುಂಗೈ ಒಳಭಾಗಕ್ಕೆ ಐದು ನಿಮಿಷ ಹಿಡಿದು ಒಂದು ದಿನ ಕಾಯಿರಿ. ತುರಿಕೆ, ಕೆಂಪು, ಕಪ್ಪು ಏನೂ ಆಗದಿದ್ದರೆ ಮುಂದುವರಿಯಬಹುದು. ಮೊದಲ ವಾರ ದಿನ ಬಿಟ್ಟು ದಿನ ಐದು ನಿಮಿಷ. ಆಮೇಲೆ ಕೈಪಿಡಿ ಹೇಳಿದಷ್ಟು, ಸಾಮಾನ್ಯವಾಗಿ 10 ನಿಮಿಷದ ಆಸುಪಾಸು, ವಾರಕ್ಕೆ ಮೂರರಿಂದ ಐದು ದಿನ. ಒಂದು ದಿನ ತಪ್ಪಿತು ಅಂತ ಮರುದಿನ ಡಬಲ್ ಮಾಡಬೇಡಿ.

ಚರ್ಮಕ್ಕಾದರೆ 8ರಿಂದ 12 ವಾರ, ಕೂದಲಿಗಾದರೆ ಆರು ತಿಂಗಳು ನೋಡಬೇಕು. ಕನ್ನಡಿ ದಿನಾ ನೋಡಿದರೆ ಏನೂ ತಿಳಿಯುವುದಿಲ್ಲ. ಮೊದಲ ದಿನವೇ ಒಂದು ಕಿಟಕಿಯ ಬೆಳಕಿನಲ್ಲಿ, ಒಂದು ಗೊತ್ತಾದ ಹೊತ್ತಿಗೆ, ಫಿಲ್ಟರ್ ಇಲ್ಲದೆ ಫೋಟೊ ತೆಗೆದಿಟ್ಟು, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಮತ್ತೆ ತೆಗೆಯಿರಿ. 12 ವಾರ ಕಳೆದರೂ ಎರಡು ಫೋಟೊಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಸಾಧನ ನಿಮಗೆ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಸಮಯ ಹೆಚ್ಚಿಸಿ ನೋಡೋಣ ಅನ್ನುವುದು ಬೇಡ.

ಬಚ್ಚಲಲ್ಲಿ, ಒದ್ದೆ ಕೈಯಲ್ಲಿ ಬಳಸಬಾರದು. ಚಾರ್ಜ್ ಆಗುತ್ತಿರುವ ಮಾಸ್ಕನ್ನು ಮುಖಕ್ಕೆ ಕಟ್ಟಿಕೊಳ್ಳಬಾರದು. ದೊಡ್ಡ ಪ್ಯಾನೆಲ್‌ಗೆ ಅರ್ಥಿಂಗ್ ಇರುವ ಮೂರು ಪಿನ್‌ನ ಸಾಕೆಟ್ಟೇ ಬೇಕು. ವೋಲ್ಟೇಜ್ ಏರಿಳಿತ ಇರುವ ಹಳ್ಳಿಗಳಲ್ಲಿ ಕರೆಂಟ್ ಹೋದಾಗ ಪ್ಲಗ್ ತೆಗೆದುಬಿಡುವುದು ಒಳ್ಳೆಯದು. ಬ್ಯಾಟರಿ ಉಬ್ಬಿದ್ದು ಕಂಡರೆ ಬಳಸುವುದು ನಿಲ್ಲಿಸಿ.

ಪಾರ್ಲರ್‌ನವರು, ಅಂಗಡಿಯವರು ಗಮನಿಸಬೇಕಾದದ್ದು

ಪಾರ್ಲರ್‌ನಲ್ಲಿ ಒಂದೇ ಮಾಸ್ಕ್ ದಿನಕ್ಕೆ ಹತ್ತು ಮುಖಕ್ಕೆ ಹೋಗುತ್ತದೆ. ಪ್ರತಿ ಗ್ರಾಹಕರ ನಂತರ ತಯಾರಕರು ಹೇಳಿದ ದ್ರಾವಣದಿಂದ ಒರೆಸದಿದ್ದರೆ ಹುಳುಕಡ್ಡಿ, ಕೀವುಗುಳ್ಳೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಕೂರಿಸುವ ಮೊದಲು ‘ಯಾವುದಾದರೂ ಮಾತ್ರೆ ತಗೋತಿದ್ದೀರಾ, ಕಣ್ಣಿಗೆ ತೊಂದರೆ ಇದೆಯಾ, ಗರ್ಭಿಣಿಯಾ’ ಎಂದು ಮೂರು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ. ಬ್ಲೀಚ್, ಪೀಲಿಂಗ್ ಮಾಡಿದ ದಿನವೇ ಲೈಟ್ ಹಾಕಬೇಡಿ.

ಮಾರುವವರಿಗೆ ಕಾನೂನಿನ ಬಾಧ್ಯತೆಯೂ ಇದೆ. ಕಾಯಿಲೆಗೆ ಚಿಕಿತ್ಸೆ ಎಂದು ಹೇಳಿ ಮಾರುವ ಸಾಧನಗಳು 2017ರ ವೈದ್ಯಕೀಯ ಸಾಧನಗಳ ನಿಯಮದ ವ್ಯಾಪ್ತಿಗೆ ಬರುತ್ತವೆ, ತಯಾರಿಕೆ ಅಥವಾ ಆಮದಿನ ಲೈಸೆನ್ಸ್ ಸಂಖ್ಯೆ ಲೇಬಲ್ ಮೇಲೆ ಇರಬೇಕು. ಯಾವುದೇ ಪ್ಯಾಕ್ ಮಾಡಿದ ವಸ್ತುವಿನ ಮೇಲೆ ತಯಾರಕ ಅಥವಾ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ಗ್ರಾಹಕರು ದೂರು ಹೇಳಲು ಸಂಪರ್ಕ ವಿವರ ಇರಲೇಬೇಕು. ಡಬ್ಬದ ಮೇಲೆ ಬರೀ ಚೀನಿ ಅಕ್ಷರ ಇರುವ ಮಾಲನ್ನು ಸಗಟಿನಲ್ಲಿ ತರುವ ಅಂಗಡಿಯವರು ಇದನ್ನು ಯೋಚಿಸಬೇಕು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಸ್ತುವಿನಿಂದ ಹಾನಿಯಾದಾಗ ತಯಾರಕ ಯಾರೆಂದೇ ಗೊತ್ತಿಲ್ಲದಿದ್ದರೆ ಮಾರಿದವರೇ ಹೊಣೆಯಾಗಬಹುದು. ತಯಾರಕ ಹೇಳದ ಭರವಸೆಯನ್ನು ಅಂಗಡಿಯವರೇ ತಮ್ಮ ಕಡೆಯಿಂದ ಕೊಟ್ಟು, ಅದು ಸುಳ್ಳಾಗಿ ಹಾನಿಯಾದರೂ ಅಷ್ಟೇ. ಶುಗರ್, ಕ್ಯಾನ್ಸರ್, ಕಣ್ಣಿನ ಪೊರೆ, ಬೊಜ್ಜು, ತೊನ್ನು ವಾಸಿ ಮಾಡುತ್ತದೆ ಎಂದು ಬೋರ್ಡು, ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕುವುದು 1954ರ ಆಕ್ಷೇಪಾರ್ಹ ಜಾಹೀರಾತು ತಡೆ ಕಾಯ್ದೆಯಡಿ ಪ್ರಕರಣಕ್ಕೆ ದಾರಿಯಾಗಬಹುದು.

ಡಬ್ಬದ ಮೇಲಿನ ‘ಎಫ್‌ಡಿಎ ರಿಜಿಸ್ಟರ್ಡ್’ ಎಂಬ ಮುದ್ರೆಗೆ ಮರುಳಾಗಬೇಡಿ. ರಿಜಿಸ್ಟ್ರೇಶನ್ ಎಂದರೆ ಕಂಪನಿ ತನ್ನ ಹೆಸರು ದಾಖಲಿಸಿದೆ ಎಂದಷ್ಟೇ. ಎಫ್‌ಡಿಎ ‘ಕ್ಲಿಯರ್ಡ್’ ಎಂದರೆ ಆಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ಇದು ಸಮಾನ ಎಂದು ಒಪ್ಪಿರುವುದು. ಹೊಸದಾಗಿ ಪೂರ್ತಿ ಪರೀಕ್ಷಿಸಿ ಕೊಡುವ ‘ಅಪ್ರೂವಲ್’ ಬೇರೆಯೇ.

ಕೊಳ್ಳುವವರು ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಬಿಲ್, ಡಬ್ಬ, ಜಾಹೀರಾತಿನ ಸ್ಕ್ರೀನ್‌ಶಾಟ್ ಮೂರನ್ನೂ ಇಟ್ಟುಕೊಳ್ಳಬೇಕು. ಸಾಧನ ಕೆಟ್ಟರೆ, ಹಾನಿಯಾದರೆ, ಹೇಳಿದ್ದೊಂದು ಕೊಟ್ಟಿದ್ದೊಂದು ಆದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬೇಕು. ಕಂಪನಿ ದೆಹಲಿಯಲ್ಲಿದ್ದರೂ ದೂರನ್ನು ತಾವು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ವಸ್ತುವಿನ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ.